ಎದ್ದ ಮೇಲೂ ಎಚ್ಚರವಾಗದ ಯಂತ್ರ



ಕಣ್ಣು ತೆರೆದವರೆಲ್ಲರೂ ಎಚ್ಚರವಾಗಿರುವರೆಂದು ಹೇಳಲಾಗದು. ಬೆಳಗಿನ ಜಾವ ಹಾಸಿಗೆಯ ಮೇಲೆ ಎದ್ದು ಕುಳಿತ ಮಗುವನ್ನು ನೋಡಿರಿ. ಕಣ್ಣು ತೆರೆದಿರುತ್ತದೆ, ಕರೆದರೆ ಓಗೊಡುತ್ತದೆ. ಆದರೆ ಕೈಗೆ ಕೊಟ್ಟ ಹಾಲಿನ ಲೋಟವನ್ನು ಹಿಡಿಯಲಾರದು. ಕಣ್ಣು ಎಚ್ಚೆತ್ತಿದೆ, ಕೈ ಇನ್ನೂ ನಿದ್ರೆಯಲ್ಲಿದೆ. ಈಗ ಮನೆಮನೆಗಳಲ್ಲಿ ಬಂದು ನೆಲೆಸಿರುವ ಲ್ಯಾಪ್‌ಟಾಪ್ ಎಂಬ ಗಣಕಯಂತ್ರವೂ ಕೆಲವೊಮ್ಮೆ ಹೀಗೆಯೇ ಏಳುತ್ತದೆ. ಮುಚ್ಚಳ ತೆರೆದೊಡನೆ ಪರದೆ ಬೆಳಗುತ್ತದೆ, ನಿನ್ನೆ ಬರೆದಿಟ್ಟ ಪುಟ ಹಾಗೆಯೇ ಕಾಣಿಸುತ್ತದೆ. ವೈಫೈ ಮಾತ್ರ ಹತ್ತುವುದಿಲ್ಲ. ಈ ತೊಡಕನ್ನು ಮನೆಯಲ್ಲಿಯೇ ಕ್ರಮವಾಗಿ ವಿಚಾರಿಸುವುದು ಹೇಗೆ ಎಂಬುದೇ ಈ ತಿಂಗಳ ವಿಷಯ.

ಇದೇನು ಬರೆಯುವಷ್ಟು ದೊಡ್ಡ ಸಂಗತಿಯೇ ಎಂದು ಕೆಲವರಿಗೆ ಅನಿಸಬಹುದು. ನನಗೂ ಹಾಗೆಯೇ ಅನಿಸಿತ್ತು, ಕಳೆದ ಮಳೆಗಾಲದ ಒಂದು ಶನಿವಾರದವರೆಗೆ. ಅಂದು ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು ಲ್ಯಾಪ್‌ಟಾಪನ್ನು ಕೂಸಿನಂತೆ ಎದೆಗವಚಿಕೊಂಡು ಮನೆಗೆ ಬಂದರು. ಹಿಂದೆಯೇ ಅವರ ಧರ್ಮಪತ್ನಿಯವರೂ ಬಂದರು.

“ಶಾಸ್ತ್ರಿಗಳ, ರಾತ್ರಿ ಮುಚ್ಚಿಟ್ಟು ಮುಂಜಾನೆ ತಗದ್ರ ಇದು ವೈಫೈ ಹಿಡಿಯಂಗಿಲ್ಲರಿ. ಪೂರಾ ಬಂದ್ ಮಾಡಿ ಹಚ್ಚಿದ್ರೂ ಅಷ್ಟರಿ. ಅಂಗಡಿಯವ್ರು ಎಲ್ಲಾ ಅಳಿಸಿ ಹೊಸಾ ವಿಂಡೋಸ್ ಹಾಕಬೇಕು ಅಂತಾರ. ಸೋಮವಾರ ತೊಗೊಂಡು ಬರ್ರಿ ಅಂದಾರ,” ಎಂದರು ಮಾಸ್ತರರು.

ಅಳಿಸಿಹಾಕುವುದೆಂದರೆ ಏನು ಎಂಬುದು ಅವರಿಗೆ ತಿಳಿದಿತ್ತು. ಅದಕ್ಕಾಗಿಯೇ ಅವರ ಮುಖ ಬಾಡಿತ್ತು. ನಿವೃತ್ತಿಯ ನಂತರ ಹನ್ನೊಂದು ವರ್ಷ ಊರೂರು ಅಲೆದು ಅವರು ಬರೆದುಕೊಂಡ ಶಾಸನಗಳ ಪಾಠ, ತೀರಿಕೊಂಡ ತಂದೆಯವರ ಉಳಿದಿರುವ ನಾಲ್ಕೇ ಭಾವಚಿತ್ರಗಳು, ಎಲ್ಲವೂ ಅದೊಂದರೊಳಗೇ ಇದ್ದವು. ಬೇರೆಡೆ ಒಂದು ಪ್ರತಿಯೂ ಇರಲಿಲ್ಲ. ತಾಯಿಯವರ ಚಿಂತೆ ಬೇರೆ. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಿಗೆ ಮೊಬೈಲಿನ ಸಣ್ಣ ಪರದೆಯಲ್ಲಿ ಮುಖ ಸ್ಪಷ್ಟವಾಗಿ ಕಾಣದು. “ಐತವಾರಕ್ಕೊಮ್ಮೆ ಇದರಾಗ ಮೊಮ್ಮಗಳ ಮಾರಿ ನೋಡೂದ ನಮಗ ಹಬ್ಬರಿ. ಅದೂ ತಪ್ಪಿದ್ರ ಹ್ಯಾಂಗ್ರಿ?” ಎಂದರು.

ನಾನು ಯಂತ್ರಶಾಸ್ತ್ರ ಓದಿದವನಲ್ಲ. ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಕಲಿತವನು. ಹಸ್ತಪ್ರತಿಗಳ ಕೆಲಸಕ್ಕಾಗಿ ಗಣಕಯಂತ್ರವನ್ನು ಮೊಮ್ಮಗನಿಂದ ಕಲಿತೆ. ಅದರ ಇಂಥ ಉಪದ್ರವಗಳನ್ನು ಅನುಭವದಿಂದ ಅರಿತೆ. ಆದರೆ ಅಂದು ನನಗೆ ಹೆಚ್ಚು ನೆರವಾದುದು ಪಾಠಶಾಲೆಯ ತರ್ಕವೇ. ಅದು ಹೇಗೆಂಬುದನ್ನು ಹೇಳುವ ಮೊದಲು, ಯಂತ್ರದ ನಿದ್ರೆ ಎಂದರೇನೆಂಬುದನ್ನು ತಿಳಿಯೋಣ.

ನಿದ್ರೆಯ ಬಗೆಗಳು

ಗಣಕಯಂತ್ರವು ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬುದಕ್ಕೆ ಒಂದು ಸಾಮಾನ್ಯ ಕಟ್ಟಳೆ ಇದೆ. ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸಂಸ್ಥೆಗಳು ಕೂಡಿ ಅದನ್ನು 1996ರ ಡಿಸೆಂಬರಿನಲ್ಲಿ ಹೊರತಂದವು. ಅದಕ್ಕೆ ಎಸಿಪಿಐ ಎಂದು ಹೆಸರು. ಅದರ ಪ್ರಕಾರ ನಿದ್ರೆಯಲ್ಲಿ ಒಂದೇ ಬಗೆಯಿಲ್ಲ.

ಮೊದಲನೆಯದು ಸ್ಲೀಪ್ ಎಂಬ ಸಾಮಾನ್ಯ ನಿದ್ರೆ. ಇದರಲ್ಲಿ ಯಂತ್ರದ ಮೆದುಳಾದ ಪ್ರೊಸೆಸರು ನಿಲ್ಲುತ್ತದೆ, ಪರದೆ ಆರುತ್ತದೆ. ನಾವು ಮಾಡುತ್ತಿದ್ದ ಕೆಲಸವನ್ನು ಹಿಡಿದಿಟ್ಟುಕೊಂಡ ರ‍್ಯಾಮ್ ಎಂಬ ತತ್ಕಾಲದ ನೆನಪಿಗೆ ಮಾತ್ರ ತುಸು ವಿದ್ಯುತ್ತು ಹರಿಯುತ್ತಿರುತ್ತದೆ. ಎರಡನೆಯದು ಹೈಬರ್ನೇಟ್ ಎಂಬ ದೀರ್ಘನಿದ್ರೆ. ಇದರಲ್ಲಿ ಆ ನೆನಪನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಯಂತ್ರವು ಪೂರ್ತಿ ಆರಿಹೋಗುತ್ತದೆ. ಎದ್ದಾಗ ಅಲ್ಲಿಂದ ಓದಿಕೊಂಡು ಬಿಟ್ಟ ಕೆಲಸವನ್ನು ಮುಂದುವರಿಸುತ್ತದೆ. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಮೂರನೆಯದೊಂದಿದೆ. 2012ರಲ್ಲಿ ಬಂದ ವಿಂಡೋಸ್ 8ರಲ್ಲಿ ಇದರ ಪೂರ್ವರೂಪವಿತ್ತು. 2015ರ ವಿಂಡೋಸ್ 10ರಿಂದ ಈ ಹೆಸರು ಬಂದಿತು. ಇದು ಮೊಬೈಲಿನ ನಿದ್ರೆಯಂತೆ: ಪರದೆ ಆರಿರುತ್ತದೆ, ಒಳಗೆ ಸಣ್ಣಗೆ ಎಚ್ಚರವಿರುತ್ತದೆ. ಬಾಗಿಲ ಬಳಿ ಮಲಗಿದ ಅಜ್ಜಿಯ ನಿದ್ರೆ ಎನ್ನಬಹುದು.

ಇನ್ನು ವೈಫೈ. ಯಂತ್ರದೊಳಗೆ ಅದಕ್ಕೆಂದೇ ಒಂದು ಪುಟ್ಟ ಕಾರ್ಡು ಇದೆ. ವಿಂಡೋಸ್ ಅದನ್ನು ಅಡಾಪ್ಟರ್ ಎಂದು ಕರೆಯುತ್ತದೆ. ಅದರೊಡನೆ ಮಾತನಾಡಲು ಡ್ರೈವರ್ ಎಂಬ ದುಭಾಷಿಯಂಥ ತಂತ್ರಾಂಶವಿದೆ. ಯಂತ್ರ ಮಲಗುವಾಗ ಬ್ಯಾಟರಿಯ ಉಳಿತಾಯಕ್ಕಾಗಿ ಈ ಕಾರ್ಡನ್ನೂ ಮಲಗಿಸುತ್ತದೆ. ಎದ್ದಾಗ ಐದು ಕೆಲಸಗಳು ಒಂದರ ಹಿಂದೊಂದು ನಡೆಯಬೇಕು. ಕಾರ್ಡಿಗೆ ವಿದ್ಯುತ್ತು ಬಂದು ಡ್ರೈವರು ಅದನ್ನು ಮಾತನಾಡಿಸಬೇಕು. ಕಾರ್ಡು ಸುತ್ತಲಿನ ವೈಫೈ ಹೆಸರುಗಳನ್ನು ಹುಡುಕಬೇಕು. ಪರಿಚಿತವಾದುದನ್ನು ಕಂಡು, ಗುಪ್ತಪದದ ಮೂಲಕ ತನ್ನ ಗುರುತು ಹೇಳಬೇಕು. ರೌಟರ್ ಎಂಬ ಪೆಟ್ಟಿಗೆಯಿಂದ ತನಗೊಂದು ವಿಳಾಸ ಪಡೆಯಬೇಕು. ಕೊನೆಗೆ ಹೊರಲೋಕದ ಅಂತರಜಾಲ ಮುಟ್ಟುತ್ತದೆಯೇ ಎಂದು ನೋಡಬೇಕು. ವಿಂಡೋಸ್ ಈ ಕಡೆಯ ಪರೀಕ್ಷೆಗಾಗಿ ಮೈಕ್ರೋಸಾಫ್ಟಿನ ತಾಣದಿಂದ ಒಂದು ಸಣ್ಣ ಕಡತವನ್ನು ತರಿಸಿ ನೋಡುತ್ತದೆ.

ಈ ಐದರಲ್ಲಿ ಯಾವುದೊಂದು ಮುಗ್ಗರಿಸಿದರೂ ನಾವು ಹೇಳುವುದು ಒಂದೇ ಮಾತು: ವೈಫೈ ಬರುತ್ತಿಲ್ಲ. ಹೊಟ್ಟೆನೋವಿಗೆ ನೂರು ಕಾರಣಗಳಿದ್ದರೂ ರೋಗಿ ಹೇಳುವುದು ಹೊಟ್ಟೆನೋವೆಂದೇ ಅಲ್ಲವೇ? ಆದುದರಿಂದ ಔಷಧಕ್ಕೆ ಮೊದಲು ನಿದಾನವಾಗಬೇಕು.

ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ

ತರ್ಕದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವೊಂದುಂಟು. ಒಂದು ಇದ್ದಲ್ಲಿ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಲ್ಲಿ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿದಾಗ ಮಾತ್ರ ಕಾರಣವೆಂದು ಹೇಳಲು ಧೈರ್ಯ ಬರುತ್ತದೆ. ಒಂದೇ ಸಲ ಜೊತೆಗೆ ಕಂಡುದನ್ನು ಕಾರಣವೆಂದರೆ ಅದು ಕಾಕತಾಳೀಯ: ಕಾಗೆ ಬಂದು ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕಾಲವೊಂದೇ ಆಯಿತು, ಅಷ್ಟೆ.

ಈ ಕ್ರಮವನ್ನು ವೈಫೈಗೆ ಹಚ್ಚಿ ನೋಡಿರಿ. ಮೊದಲ ಪ್ರಶ್ನೆ: ಅದೇ ವೈಫೈಯಲ್ಲಿ ಮೊಬೈಲು ನಡೆಯುತ್ತದೆಯೇ? ಇಲ್ಲಿ ಅನೇಕರು ಎಡವುತ್ತಾರೆ. ಮೊಬೈಲಿನ ಸ್ವಂತ ಡೇಟಾವನ್ನು ಮೊದಲು ಬಂದ್ ಮಾಡಬೇಕು. ಇಲ್ಲವಾದರೆ ಅದು ಸಿಮ್ಮಿನಿಂದ ಅಂತರಜಾಲ ಪಡೆದು, ವೈಫೈ ಸರಿಯಾಗಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಮೊಬೈಲಿಗೂ ಬಾರದಿದ್ದರೆ ದೋಷ ರೌಟರಿನದು ಅಥವಾ ಸಂಪರ್ಕ ಕೊಟ್ಟವರದು. ಆಗ ರೌಟರಿನ ವಿದ್ಯುತ್ತನ್ನು ಅರ್ಧ ನಿಮಿಷ ತೆಗೆದು ಮತ್ತೆ ಕೊಟ್ಟು, ಎರಡು ಮೂರು ನಿಮಿಷ ಕಾಯಬೇಕು. ಅದರ ಹಿಂಬದಿಯ ಸಣ್ಣ ತೂತಿನೊಳಗಿನ ರೀಸೆಟ್ ಗುಂಡಿಯನ್ನು ಮಾತ್ರ ಸೂಜಿಯಿಂದ ಒತ್ತಬೇಡಿರಿ. ಅದು ರೌಟರಿನಲ್ಲಿ ಮಾಡಿಟ್ಟ ಸಂಪರ್ಕದ ಏರ್ಪಾಟುಗಳನ್ನೂ ಗುಪ್ತಪದವನ್ನೂ ಅಳಿಸಿಬಿಡುತ್ತದೆ.

ಮೊಬೈಲಿಗೆ ಬಂದು ಲ್ಯಾಪ್‌ಟಾಪಿಗೆ ಬಾರದಿದ್ದರೆ ಎರಡನೆಯ ಪ್ರಶ್ನೆ: ಬೇರೊಂದು ವೈಫೈಯಲ್ಲಿ ಏನಾಗುತ್ತದೆ? ಮೊಬೈಲಿನ ಹಾಟ್‌ಸ್ಪಾಟ್ ತೆರೆದು, ಲ್ಯಾಪ್‌ಟಾಪನ್ನು ಮಲಗಿಸಿ ಎಬ್ಬಿಸಿ ನೋಡಿರಿ. ಅದಕ್ಕೆ ಸರಿಯಾಗಿ ಹತ್ತಿದರೆ ಕಾರ್ಡು ಎಚ್ಚರವಾಗಿದೆ. ತೊಡಕು ಅದಕ್ಕೂ ನಿಮ್ಮ ರೌಟರಿಗೂ ನಡುವೆ ಇದೆ. ಅದಕ್ಕೂ ಹತ್ತದಿದ್ದರೆ ಕಾರ್ಡೋ ಡ್ರೈವರೋ ನಿದ್ರೆಯಿಂದ ಎದ್ದಿಲ್ಲ.

ಮೂರನೆಯದು ಪ್ರಶ್ನೆಯಲ್ಲ, ನೋಟ. ಪರದೆಯ ಮೇಲೆ ಕಾಣುವುದೇನು? ವೈಫೈ ಗುರುತೇ ಮಾಯವಾಗಿದ್ದರೆ ಕಾರ್ಡಿಗೆ ಎಚ್ಚರವಿಲ್ಲ. ಹೆಸರುಗಳ ಪಟ್ಟಿ ಕಂಡೂ ಸೇರಲಾಗದಿದ್ದರೆ ಗುರುತು ಹೇಳುವಲ್ಲಿ ತೊಡಕು. ಸೇರಿದೆ, ಆದರೆ ಇಂಟರ್ನೆಟ್ ಇಲ್ಲ ಎಂದು ತೋರಿಸಿದರೆ ವಿಳಾಸದ ಬಳಿ ಅಥವಾ ಅದರಾಚೆ ತೊಡಕು. ಆ ವೈಫೈಯ ಪ್ರಾಪರ್ಟೀಸ್ ಪುಟದಲ್ಲಿ ಯಂತ್ರದ ವಿಳಾಸವು 169.254 ಎಂದು ಆರಂಭವಾಗಿದ್ದರೆ, ರೌಟರಿನಿಂದ ವಿಳಾಸ ದೊರೆಯದೆ ಯಂತ್ರವು ತಾನೇ ಒಂದನ್ನು ಹಚ್ಚಿಕೊಂಡಿದೆ ಎಂದು ಅರ್ಥ.

ಮಾಸ್ತರರ ಯಂತ್ರವನ್ನು ಅಂದು ನಮ್ಮ ಮನೆಯ ವೈಫೈಗೆ ಸೇರಿಸಿ, ಒಂದು ತಾಸು ಮಲಗಿಸಿ ಎಬ್ಬಿಸಿದೆವು. ಇಲ್ಲಿಯೂ ಹತ್ತಲಿಲ್ಲ, ಗುರುತೇ ಮಾಯ. ಅವರ ಮನೆಯ ರೌಟರು ಇಲ್ಲಿಲ್ಲ, ಆದರೂ ದೋಷವಿದೆ. ಆದುದರಿಂದ ರೌಟರು ನಿರ್ದೋಷಿ. ಸಂಶಯದ ಅರ್ಧಭಾಗ ಒಂದೇ ತಾಸಿನಲ್ಲಿ ಕಳೆಯಿತು.

ಮೊದಲು ಗಂಟು ಭದ್ರ

ಆದರೆ ಮುಂದುವರಿಯುವ ಮೊದಲು ಎರಡು ಕೆಲಸಗಳನ್ನು ಮಾಡಿದೆವು. ಯಾವ ದುರಸ್ತಿಗೂ ಮೊದಲು ಮಾಡಬೇಕಾದವು ಇವು.

ಮೊದಲನೆಯದು, ಶಾಸನಗಳ ಕಡತಗಳನ್ನೂ ಭಾವಚಿತ್ರಗಳನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿದುದು. ಇದಕ್ಕೆ ಅಂತರಜಾಲ ಬೇಕಿಲ್ಲ. ನಕಲಾದ ಕಡತಗಳನ್ನು ನಮ್ಮ ಯಂತ್ರದಲ್ಲಿ ತೆರೆದು, ಓದಲು ಬರುತ್ತವೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಮಾಸ್ತರರು ಚಹಾದ ಬಟ್ಟಲು ಕೈಗೆತ್ತಿಕೊಂಡರು.

ಎರಡನೆಯದು ತಾಯಿಯವರ ಭಾನುವಾರದ ಹಬ್ಬ. ಮೊಬೈಲಿಗೆ ಚಾರ್ಜು ಮಾಡುವ ತಂತಿಯಿಂದಲೇ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ತೆರೆದರೆ, ಮೊಬೈಲಿನ ಅಂತರಜಾಲ ತಂತಿಯ ಮೂಲಕವೇ ಲ್ಯಾಪ್‌ಟಾಪಿಗೆ ಬರುತ್ತದೆ. ಲ್ಯಾಪ್‌ಟಾಪಿನ ವೈಫೈ ಕಾರ್ಡಿನ ಹಂಗೇ ಇಲ್ಲ. ತಂತಿಯು ಕೇವಲ ಚಾರ್ಜಿನದಾಗಿರದೆ ದತ್ತಾಂಶವನ್ನೂ ಸಾಗಿಸುವಂಥದಾಗಿರಬೇಕು, ಅಷ್ಟೆ. ಮರುದಿನ ಸಂಜೆ ತಾಯಿಯವರು ದೊಡ್ಡ ಪರದೆಯಲ್ಲಿಯೇ ಮೊಮ್ಮಗಳನ್ನು ಕಂಡರು. ಅವಸರ ತೀರಿದ ಮೇಲೆ ವಿಚಾರ ನೆಟ್ಟಗೆ ನಡೆಯುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಬಂದ್ ಮಾಡುವುದೂ ಮರುಪ್ರಾರಂಭವೂ ಒಂದಲ್ಲ

ಮಾಸ್ತರರ ಮಾತಿನಲ್ಲಿ ಒಂದು ಒಗಟಿತ್ತು. ಪೂರಾ ಬಂದ್ ಮಾಡಿ ಹಚ್ಚಿದರೂ ವೈಫೈ ಬಾರದು. ಆದ್ದರಿಂದ ಯಂತ್ರವೇ ಕೆಟ್ಟಿದೆ ಎಂಬುದು ಅವರ ತೀರ್ಮಾನ. ನಾನು ಅದನ್ನು ಬಂದ್ ಮಾಡದೆ, ಪವರ್ ಪಟ್ಟಿಯಲ್ಲಿರುವ ರೀಸ್ಟಾರ್ಟ್ ಎಂಬುದನ್ನು ಒತ್ತಿದೆ. ವೈಫೈ ಬಂದಿತು! ಮಾಸ್ತರರಿಗೆ ಅಚ್ಚರಿಯಾಯಿತು.

ಕಾರಣವಿಷ್ಟೇ. 2012ರ ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಟು ಬಂದಿದೆ. ಅದು ಚಾಲ್ತಿಯಲ್ಲಿದ್ದಾಗ ಶಟ್‌ಡೌನ್ ಒತ್ತಿದರೆ ನಮ್ಮ ಕಿಟಕಿಗಳೆಲ್ಲ ಮುಚ್ಚಿಕೊಳ್ಳುತ್ತವೆ. ಆದರೆ ವಿಂಡೋಸಿನ ಒಳತಿರುಳು, ಡ್ರೈವರುಗಳ ಸ್ಥಿತಿಯೊಡನೆ, ಡಿಸ್ಕಿನಲ್ಲಿ ಬರೆಯಲ್ಪಟ್ಟು ಮತ್ತೆ ಹಚ್ಚಿದಾಗ ಹಾಗೆಯೇ ಹೊರಬರುತ್ತದೆ. ಯಂತ್ರ ಬೇಗ ಏಳಲೆಂದು ಮಾಡಿದ ಉಪಾಯವಿದು. ಆದರೆ ಕೆಟ್ಟ ಸ್ಥಿತಿಯಲ್ಲಿದ್ದ ಡ್ರೈವರು ಆ ಕೆಡುಕನ್ನು ಹೊತ್ತುಕೊಂಡೇ ಮರಳಿ ಬರಬಹುದು. ರೀಸ್ಟಾರ್ಟ್ ಹಾಗಲ್ಲ, ಅದು ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತದೆ. ಆದುದರಿಂದ ಇಂಥ ತೊಡಕಿನಲ್ಲಿ ಶಟ್‌ಡೌನ್ ಮಾಡಿ ಹಚ್ಚಿದೆವೆಂದರೆ ಸಾಲದು, ರೀಸ್ಟಾರ್ಟ್ ಮಾಡಿ ನೋಡಬೇಕು. ಅದರಿಂದ ಸರಿಹೋದರೆ ಕಾರ್ಡು ಸುಟ್ಟಿಲ್ಲ ಎಂಬುದಂತೂ ತಿಳಿಯುತ್ತದೆ. ಸುಟ್ಟ ಕಾರ್ಡು ರೀಸ್ಟಾರ್ಟಿನಿಂದ ಜೀವ ತಳೆಯದು.

ಮೆಟ್ಟಿಲು ಮೆಟ್ಟಿಲಾಗಿ

ಇನ್ನು ಮಾಡಬೇಕಾದ ಕ್ರಮಗಳು. ಹಗುರವಾದುದರಿಂದ ಭಾರವಾದುದಕ್ಕೆ ಏರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂದಿತೆಂಬುದು ತಿಳಿಯದು. ಮತ್ತೆ ಕೆಟ್ಟಾಗ ಕೈ ಬರಿದಾಗುತ್ತದೆ.

ಮೊದಲ ಮೆಟ್ಟಿಲು ಏರ್‌ಪ್ಲೇನ್ ಮೋಡ್. ಅದನ್ನು ಹಚ್ಚಿ, ಹತ್ತು ಎಣಿಸಿ, ಆರಿಸಿರಿ. ಕಾರ್ಡಿನ ಕಿವಿ ಹಿಂಡಿದಂತೆ ಇದು. ಕೀಲಿಮಣೆಯ ಮೇಲೆ ವಿಮಾನದ ಚಿತ್ರವಿರುವ ಗುಂಡಿಯು ಮುಚ್ಚಳ ತೆರೆಯುವಾಗ ಕೈತಾಗಿ ಒತ್ತಿಹೋಗಿದೆಯೇ ಎಂಬುದನ್ನೂ ನೋಡಿರಿ.

ಎರಡನೆಯದು ಡಿವೈಸ್ ಮ್ಯಾನೇಜರ್. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಆ ಹೆಸರು ಕಾಣುತ್ತದೆ. ಅದರೊಳಗೆ ನೆಟ್‌ವರ್ಕ್ ಅಡಾಪ್ಟರ್ಸ್ ಎಂಬಲ್ಲಿ ವೈಫೈ ಅಥವಾ ವೈರ್‌ಲೆಸ್ ಎಂಬ ಪದವಿರುವ ಸಾಲನ್ನು ಹುಡುಕಿ, ಅದನ್ನು ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿರಿ. ಇದು ಆ ಹೊತ್ತಿನ ಪರಿಹಾರ. ಅದೇ ಸಾಲಿನ ಪ್ರಾಪರ್ಟೀಸ್ ತೆರೆದರೆ ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟ ಕಾಣಬಹುದು. ವಿದ್ಯುತ್ತು ಉಳಿಸಲು ಈ ಸಾಧನವನ್ನು ಆರಿಸಲು ಗಣಕಕ್ಕೆ ಅನುಮತಿಯಿದೆ ಎಂಬ ಅರ್ಥದ ಮೊದಲ ಸಾಲಿನ ಮುಂದಿನ ಗುರುತನ್ನು ತೆಗೆದರೆ, ಕಾರ್ಡನ್ನು ಹಾಗೆ ಆರಿಸುವುದು ನಿಲ್ಲುತ್ತದೆ. ಬ್ಯಾಟರಿ ತುಸು ಬೇಗ ಇಳಿದೀತು. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಎಷ್ಟೋ ಯಂತ್ರಗಳಲ್ಲಿ ಈ ಪುಟವೇ ಇರುವುದಿಲ್ಲ, ಅದು ದೋಷವಲ್ಲ.

ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ಹೆಸರೇ ಕಾಣದಿದ್ದರೆ, ಯಂತ್ರವನ್ನು ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿಹಿಡಿದು ಬಿಟ್ಟು, ಮತ್ತೆ ಹಚ್ಚಿ ನೋಡಿರಿ. ಒಳಗೆ ಉಳಿದ ವಿದ್ಯುತ್ತು ಹೋಗಿ ಕಾರ್ಡು ಹೊಸದಾಗಿ ಏಳುವುದುಂಟು.

ಮೂರನೆಯದು ಡ್ರೈವರು. ತೊಡಕು ಇತ್ತೀಚಿನ ಅಪ್‌ಡೇಟಿನ ನಂತರ ಹುಟ್ಟಿದ್ದರೆ, ಪ್ರಾಪರ್ಟೀಸ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬುದನ್ನು ಒತ್ತಿ ಹಳೆಯದಕ್ಕೆ ಮರಳಬಹುದು. ಹಳೆಯದು ಉಳಿದಿಲ್ಲವಾದರೆ ಆ ಗುಂಡಿ ಮಂಕಾಗಿರುತ್ತದೆ. ಇಲ್ಲವಾದರೆ ಲ್ಯಾಪ್‌ಟಾಪ್ ತಯಾರಿಸಿದ ಸಂಸ್ಥೆಯ ತಾಣಕ್ಕೇ ಹೋಗಿ, ನಿಮ್ಮ ಮಾದರಿಯ ಸಂಖ್ಯೆ ಕೊಟ್ಟು ವೈಫೈ ಡ್ರೈವರನ್ನು ಇಳಿಸಿಕೊಳ್ಳಿರಿ. ಸಂಖ್ಯೆ ಸಾಮಾನ್ಯವಾಗಿ ಯಂತ್ರದ ತಳದಲ್ಲಿ ಬರೆದಿರುತ್ತದೆ. ದಾರಿಯಲ್ಲಿ ಸಿಕ್ಕ, ಎಲ್ಲ ಡ್ರೈವರುಗಳನ್ನೂ ಕೊಡುತ್ತೇವೆಂಬ ಅಪರಿಚಿತ ತಾಣಗಳಿಂದ ಏನನ್ನೂ ತರಬೇಡಿರಿ. ವಿಂಡೋಸ್ 10 ಇಟ್ಟುಕೊಂಡವರು ಇನ್ನೊಂದನ್ನು ನೆನಪಿಡಬೇಕು: ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು.

ನಾಲ್ಕನೆಯದು, ಹೆಸರು ಕಂಡೂ ಸೇರಲಾಗದವರಿಗೆ. ಆ ವೈಫೈಯನ್ನು ಫರ್ಗೆಟ್ ಮಾಡಿ, ಗುಪ್ತಪದವನ್ನು ಹೊಸದಾಗಿ ಕೊಡಿರಿ. ಮರೆಸುವ ಮೊದಲು ಗುಪ್ತಪದ ನಿಮ್ಮ ಬಳಿ ಬರೆದಿದೆಯೇ ಎಂದು ನೋಡಿಕೊಳ್ಳಿರಿ! ರೌಟರು 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಹೆಸರುಗಳನ್ನು ತೋರಿಸುತ್ತಿದ್ದರೆ ಇನ್ನೊಂದನ್ನು ಹಿಡಿದು ನೋಡಿರಿ. ಮೊದಲನೆಯದು ಗೋಡೆಗಳಾಚೆಗೂ ದೂರ ಹೋಗುತ್ತದೆ. ಎರಡನೆಯದು ವೇಗದ್ದು, ಆದರೆ ಗೋಡೆಗೆ ಸೋಲುತ್ತದೆ.

ಐದನೆಯದು ನೆಟ್‌ವರ್ಕ್ ರೀಸೆಟ್. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರಲ್ಲಿ ಇದಿದೆ. ಇದು ಅಡಾಪ್ಟರುಗಳನ್ನು ಕಿತ್ತು ಮತ್ತೆ ಸ್ಥಾಪಿಸುತ್ತದೆ; ಉಳಿಸಿದ ವೈಫೈ ಗುಪ್ತಪದಗಳೆಲ್ಲ ಹೋಗುತ್ತವೆ. ಕಚೇರಿಯ ವಿಪಿಎನ್ ಇದ್ದವರು ಅದನ್ನು ಮತ್ತೆ ಹಾಕಿಸಿಕೊಳ್ಳಬೇಕಾದೀತು. ನಮ್ಮ ಕಡತಗಳಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ.

ಯಾವುದೂ ಫಲಿಸದಿದ್ದರೆ ಒಂದು ನಡುದಾರಿಯಿದೆ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಷನ್ಸ್‌ನಲ್ಲಿ ಮಾಡಬಹುದು. ಕಾರ್ಡು ಪೂರ್ತಿ ಆರಿ, ಪೂರ್ತಿ ಏಳುತ್ತದೆ. ಏಳಲು ತುಸು ಹೆಚ್ಚು ಹೊತ್ತು ಹಿಡಿದೀತು. ಬಯೋಸ್ ಎಂಬ ಮೂಲ ತಂತ್ರಾಂಶದ ನವೀಕರಣವೂ ಕೆಲವೊಮ್ಮೆ ಇಂಥ ದೋಷಗಳನ್ನು ತಿದ್ದುತ್ತದೆ. ಆದರೆ ಅದರ ನಡುವೆ ವಿದ್ಯುತ್ತು ಹೋದರೆ ಯಂತ್ರವೇ ಏಳದಂತಾಗಬಹುದು. ಅದನ್ನು ಬಲ್ಲವರಿಂದಲೇ ಮಾಡಿಸಿರಿ. ಎಲ್ಲವನ್ನೂ ಅಳಿಸಿ ಹೊಸ ವಿಂಡೋಸ್ ಹಾಕುವುದು ಇವೆಲ್ಲವುಗಳ ನಂತರದ ಮಾತು.

ಮಾಸ್ತರರ ನೋಟುಬುಕ್ಕು

ಮಾಸ್ತರರಿಗೆ ನಾನು ಹೇಳಿದುದು ಇಷ್ಟೇ: ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಎಷ್ಟು ತಾಸು ಮಲಗಿಸಿದಿರಿ, ಚಾರ್ಜರ್ ಇತ್ತೋ ಇಲ್ಲವೋ, ಏನು ಬದಲಿಸಿದಿರಿ, ಫಲವೇನು ಎಂದು ಬರೆಯಿರಿ. ಹಾಜರಿ ಪುಸ್ತಕ ಬರೆದ ಕೈ, ಚೆನ್ನಾಗಿ ಬರೆದರು.

ಸೋಮವಾರ ಪವರ್ ಮ್ಯಾನೇಜ್‌ಮೆಂಟಿನ ಗುರುತು ತೆಗೆದೆವು. ಮಂಗಳವಾರ ಬೆಳಿಗ್ಗೆ ವೈಫೈ ತಾನಾಗಿ ಬಂದಿತು, ಬುಧವಾರವೂ ಬಂದಿತು. ಗೆದ್ದೆವೆಂದು ಮಾಸ್ತರರು ಪೇಡೆ ತಂದರು. ಗುರುವಾರ ಬೆಳಿಗ್ಗೆ ಮತ್ತೆ ಮಾಯ! ನೋಟುಬುಕ್ಕು ತೆರೆದು ನೋಡಿದರೆ ವಿಷಯ ಅಲ್ಲಿಯೇ ಇತ್ತು. ಸೋಮವಾರ, ಮಂಗಳವಾರದ ರಾತ್ರಿಗಳಲ್ಲಿ ಆಕಾಶ ತೆರಪಾಗಿತ್ತು. ಚಾರ್ಜರ್ ಹಚ್ಚಿಯೇ ಇತ್ತು. ಬುಧವಾರ ರಾತ್ರಿ ಗುಡುಗಿತು. ಸಿಡಿಲಿಗೆ ಹೆದರಿ ಮಾಸ್ತರರು ಚಾರ್ಜರ್ ಕಿತ್ತಿಟ್ಟಿದ್ದರು. ಮಳೆಗಾಲ ಹಿಡಿದಾಗಿನಿಂದಲೂ ಅವರು ಹಾಗೆಯೇ ಮಾಡುತ್ತ ಬಂದಿದ್ದರು; ತೊಡಕು ಹುಟ್ಟಿದುದೂ ಆಗಿನಿಂದಲೇ. ನಮ್ಮ ಮನೆಯಲ್ಲಿ ಮಲಗಿಸಿದಾಗಲೂ ಅದು ಬ್ಯಾಟರಿಯ ಮೇಲೆಯೇ ಇತ್ತು.

ಹಾಗಾದರೆ ಗುರುತು ತೆಗೆದುದರಿಂದ ಗುಣವಾಯಿತೆಂದುಕೊಂಡದ್ದು ಬರಿಯ ಕಾಕತಾಳೀಯ. ಪರೀಕ್ಷಿಸಿದೆವು. ಗುರುತನ್ನು ಮತ್ತೆ ಹಾಕಿ ಚಾರ್ಜರ್ ಹಚ್ಚಿ ಮಲಗಿಸಿದೆವು, ವೈಫೈ ಬಂದಿತು. ಗುರುತು ತೆಗೆದು ಚಾರ್ಜರ್ ಕಿತ್ತು ಮಲಗಿಸಿದೆವು, ಬಾರಲಿಲ್ಲ. ದೋಷವಿದ್ದುದು ಬ್ಯಾಟರಿಯ ಮೇಲಿನ ನಿದ್ರೆಯಲ್ಲಿ. ಚಾರ್ಜರ್ ಇದ್ದಾಗಿನ ಉಳಿತಾಯದ ಏರ್ಪಾಟೂ ಬ್ಯಾಟರಿಯ ಮೇಲಿನ ಏರ್ಪಾಟೂ ಬೇರೆ ಬೇರೆ ಇರುತ್ತವೆ; ಎರಡನೆಯದರಿಂದ ಏಳುವಲ್ಲಿ ಆ ಡ್ರೈವರು ಎಡವುತ್ತಿತ್ತು ಎಂಬುದು ನಮ್ಮ ಊಹೆ. ತಯಾರಕರ ತಾಣದಿಂದ ಹೊಸ ಡ್ರೈವರು ತಂದು ಹಾಕಿದೆವು. ಚಾರ್ಜರ್ ಕಿತ್ತೇ ಹತ್ತು ರಾತ್ರಿ ಮಲಗಿಸಿದೆವು. ಹತ್ತೂ ಬೆಳಿಗ್ಗೆ ವೈಫೈ ತಾನಾಗಿ ಹತ್ತಿತು.

ತರ್ಕ ಪೂರ್ಣವಾಗಬೇಕಾದರೆ ಹಳೆಯ ಡ್ರೈವರನ್ನು ಮತ್ತೆ ಹಾಕಿ, ದೋಷ ಮರಳಿ ಬರುವುದೇ ಎಂದು ನೋಡಬೇಕಿತ್ತು. ನಾನು ಹಾಗೆ ಸೂಚಿಸಿದೆ. ಮಾಸ್ತರರು ಉತ್ತರಿಸುವ ಮೊದಲೇ ತಾಯಿಯವರು, “ಶಾಸ್ತ್ರಿಗಳ, ಬಂದದ್ದು ಬಂದೈತಿ, ಮತ್ತ ಯಾಕ ಕೆದರತೀರಿ?” ಎಂದರು. ಅವರ ಮಾತಿನ ಮುಂದೆ ನನ್ನ ವ್ಯತಿರೇಕ ಸುಮ್ಮನಾಯಿತು.

ಅಂಗಡಿಯವರನ್ನು ದೂರುವ ಉದ್ದೇಶ ನನಗಿಲ್ಲ. ಅಲ್ಲಿ ಮೇಜಿನ ಮೇಲೆ ಹತ್ತು ಯಂತ್ರಗಳು ಕಾಯುತ್ತಿರುತ್ತವೆ; ಒಂದೊಂದಕ್ಕೂ ಹತ್ತು ರಾತ್ರಿ ಕಾಯಲು ಅವರಿಗೆ ಬಿಡುವೆಲ್ಲಿ? ಆ ಬಿಡುವು ಇರುವುದು ನಮಗೆ. ಯಂತ್ರವನ್ನು ಅಂಗಡಿಗೆ ಒಯ್ಯಲೇಬೇಕಾದಾಗಲೂ, ನಕಲು ಮಾಡಿದ ಪೆನ್‌ಡ್ರೈವನ್ನು ಮನೆಯಲ್ಲಿಟ್ಟು, ಇಂಥ ಒಂದು ಹಾಳೆಯನ್ನು ಜೊತೆಗೆ ಒಯ್ದರೆ ಅವರ ಕೆಲಸವೂ ಹಗುರಾಗುತ್ತದೆ, ನಮ್ಮ ವರ್ಷಗಳ ಗಳಿಕೆಯೂ ಉಳಿಯುತ್ತದೆ.

ಮಾಸ್ತರರು ಈಗ ಪ್ರತಿ ಅಮಾವಾಸ್ಯೆಗೊಮ್ಮೆ ಶಾಸನಗಳ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತಾರೆ. ನೋಟುಬುಕ್ಕಿನ ಕೊನೆಯ ಪುಟದಲ್ಲಿ ಅದರ ದಿನಾಂಕಗಳಿವೆ. ನೀವೂ ಇಂದೇ ಒಂದು ದಿನಾಂಕ ಬರೆಯಿರಿ.